ಪ್ರಾರ್ಥನೆಗೆ ಬದಲು ಜಯಂತನ ರಕ್ತ

ಬಾಯಿ ಮುಚ್ಚಿ ಕೂತಿದ್ದರೆ ಜಯಂತನಿಗೆ ಈ ಗತಿ ಬರುತ್ತಿರಲಿಲ್ಲ. ಆದರೆ ಬಾಯಿ ಮುಚ್ಚಿ ಕೂತವನನ್ನು ನಮ್ಮ ಊರಿನ ಮೀಟಿಂಗಿನಲ್ಲಿ ಯಾರು ಬಿಡ್ತಾರೆ?

ವಿಷಯ ಇಷ್ಟೇ. ಮುಳ್ಳೇರಿಯ ಪೇಟೆಯಿಂದ ಸ್ವಲ್ಪ ಒಳಗೆ, ಜಯಂತನ ಮನೆ ಹತ್ತಿರದ ಭಜನಾ ಮಂದಿರದಲ್ಲಿ ಪ್ರತಿ ವರ್ಷ ಏಕಾಹ ಭಜನೆ. ಇವತ್ತು ಸೂರ್ಯ ಹುಟ್ಟುವಾಗ ದೀಪ ಹಚ್ಚಿ ಕೂತರೆ ನಾಳೆ ಸೂರ್ಯ ಹುಟ್ಟುವ ತನಕ ಭಜನೆ ಒಂದು ಕ್ಷಣವೂ ನಿಲ್ಲಬಾರದು. ಈ ವರ್ಷ ಅದಕ್ಕೆ ‘ಲೋಕಕಲ್ಯಾಣಾರ್ಥ ಸಾಮೂಹಿಕ ಪ್ರಾರ್ಥನೆ’ ಅಂತ ದೊಡ್ಡ ಹೆಸರು ಬೇರೆ ಇಟ್ಟಿದ್ದರು. ಹೆಸರು ಎಂತದೇ ಇರಲಿ, ಪದ್ಧತಿ ಹಳೆಯದೇ: ಪ್ರತಿ ಮನೆಯ ಯಜಮಾನ ಮೈಕಿನ ಮುಂದೆ ಕೂತು ಒಂದು ಹಾಡು ಹೇಳಿಕೊಡಬೇಕು, ಉಳಿದವರೆಲ್ಲ ಅದನ್ನು ಹಿಂದಿನಿಂದ ಹೇಳಬೇಕು.

ಜಯಂತನಿಗೆ ಹಾಡಲಿಕ್ಕೆ ಬರುವುದಿಲ್ಲ. ಬರುವುದಿಲ್ಲ ಅಂದರೆ ಸುಮಾರಾಗಿ ಬರುತ್ತದೆ ಅಂತ ಅಲ್ಲ, ಬರುವುದೇ ಇಲ್ಲ. ಕಳೆದ ವರ್ಷ ಅವನು ಎತ್ತಿದ ಶ್ರುತಿಗೆ ಹಾರ್ಮೋನಿಯಂನವರು ಕೈ ಹಿಂದೆ ತೆಗೆದುಕೊಂಡರು, ತಬಲದವರು ತಲೆ ಎತ್ತಿ ಮಾಡಿನ ಹೆಂಚು ನೋಡಿದರು, ಹಿಂದಿನಿಂದ ಹೇಳಬೇಕಾದ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಪಕ್ಕದ ಮನೆಯ ರೋಶನ್, ದುಬೈಯಿಂದ ಬಂದು ಕೆಲಸವಿಲ್ಲದೆ ಊರಿನವರ ವಿಡಿಯೋ ತೆಗೆಯುವ ಮನುಷ್ಯ, ಅದನ್ನೂ ತೆಗೆದು ವಾಟ್ಸಾಪಿಗೆ ಹಾಕಿದ. ಸೋಮವಾರ ಕಾಸರಗೋಡು ವಿದ್ಯಾನಗರದ ಆಫೀಸಿಗೆ ಜಯಂತ ಮುಟ್ಟುವ ಮೊದಲೇ ಅವನ ಸ್ವರ ಮುಟ್ಟಿಯಾಗಿತ್ತು. ವರ್ಷವಿಡೀ ಆಫೀಸಿನಲ್ಲಿ ಊಟಕ್ಕೆ ಬುತ್ತಿ ಬಿಚ್ಚಿದ ಕೂಡಲೇ ಯಾರಾದರೂ ಒಬ್ಬರು ಅದನ್ನು ಹಾಕುವುದು, ಉಳಿದವರು ನಗುವುದು. ಮನೆಯಲ್ಲಿ ನೋಡಿದರೆ ಹೆಂಡತಿ ಜಲಜಾಕ್ಷಿ ಮಂದಿರದ ಹೆಸರಾಂತ ಹಾಡುಗಾರ್ತಿ. ಮನುಷ್ಯನಿಗೆ ಎಷ್ಟು ಅಂತ ಸಹಿಸಲಿಕ್ಕೆ ಆಗ್ತದೆ ಹೇಳಿ. ಇನ್ನು ಜೀವ ಇರುವ ತನಕ ಮೈಕಿನ ಮುಂದೆ ಬಾಯಿ ತೆರೆಯುವುದಿಲ್ಲ ಎಂದು ಅವನು ಶಪಥ ಮಾಡಿಬಿಟ್ಟಿದ್ದ.

ಹಾಗಾಗಿ ಮಂದಿರದ ಅಧ್ಯಕ್ಷ ಚೆನ್ನಪ್ಪಣ್ಣ ಮೀಟಿಂಗಿನಲ್ಲಿ, “ಜಯಂತ, ಈ ಸಲ ನಿನ್ನ ಹಾಡು ಬೆಳಿಗ್ಗೆಯಾ, ಸಂಜೆಯಾ?” ಅಂತ ಕೇಳಿದಾಗ ಅವನಿಗೆ ಬಸ್ಸಿನಲ್ಲಿ ಬರುವಾಗ ಕಂಡಿದ್ದ ರಕ್ತದಾನದ ಯಾವುದೋ ಪೋಸ್ಟರ್ ನೆನಪಿಗೆ ಬಂತು. ಬಾಯಿ ತನ್ನಷ್ಟಕ್ಕೇ ಹೇಳಿತು:

“ಈ ಸಲ ನಾನು ಪ್ರಾರ್ಥನೆಗೆ ಬದಲು ಸೇವೆ ಮಾಡುವ ಅಂತ ಇದ್ದೇನೆ ಚೆನ್ನಪ್ಪಣ್ಣ. ಲೋಕಕಲ್ಯಾಣಕ್ಕೆ ರಕ್ತದಾನ.”

ಜಲಜಾಕ್ಷಿ ಗಂಡನನ್ನು ಹೊಸದಾಗಿ ಕಂಡವಳ ಹಾಗೆ ನೋಡಿದಳು. ಯಾಕೆಂದರೆ ಜಯಂತ ಸೂಜಿ ಕಂಡರೆ ಜೀವ ಬಿಡುವ ಗಿರಾಕಿ. ಹೊಲಿಗೆ ಮೆಷಿನಿನ ಹತ್ತಿರ ಕೂಡ ಕೂರುವವನಲ್ಲ.

ಅವನ ಲೆಕ್ಕಾಚಾರ ಬೇರೆಯೇ ಇತ್ತು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಕಾಸರಗೋಡಿಗೆ ಹೋಗುವುದು, ಪರೋಟ ತಿನ್ನುವುದು, ಒಂದು ಸಿನಿಮಾ ನೋಡುವುದು, ಸಂಜೆ ಮೊಣಕೈಗೆ ಸ್ವಲ್ಪ ಹತ್ತಿ ಅಂಟಿಸಿಕೊಂಡು ಸುಸ್ತಾದ ಮುಖ ಮಾಡಿ ಬರುವುದು. ಯಾರು ಬಂದು ನೋಡ್ತಾರೆ?

ನೋಡಲಿಕ್ಕೆ ಒಬ್ಬರು ಇದ್ದರು. ಕೇಶವಪ್ರಸಾದ ಮಾಷ್ಟ್ರು. ಶಾಲೆಯಿಂದ ನಿವೃತ್ತರಾದ ಮೇಲೆ ‘ವೈಚಾರಿಕ ವೇದಿಕೆ’ ಅಂತ ಒಂದು ಕಟ್ಟಿ, ಅದಕ್ಕೆ ತಾವೇ ಅಧ್ಯಕ್ಷರೂ ಕಾರ್ಯದರ್ಶಿಯೂ ಸಭಿಕರೂ ಆಗಿದ್ದರು. ಸುದ್ದಿ ಕೇಳಿ ಮಾಷ್ಟ್ರು ಮರುದಿನವೇ ಬಂದು ಜಯಂತನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು.

“ಈ ಊರಿನಲ್ಲಿ ನಾನು ಒಬ್ಬನೇ ಅಂತ ತಿಳ್ಕೊಂಡಿದ್ದೆ ಜಯಂತ! ಪ್ರಾರ್ಥನೆಗೆ ಬದಲು ಸೇವೆ! ಇದನ್ನು ನಾನು ಎಷ್ಟು ವರ್ಷದಿಂದ ಬೊಬ್ಬೆ ಹೊಡೀತಾ ಇದ್ದೇನೆ, ಒಬ್ಬನಾದ್ರೂ ಕಿವಿಗೆ ಹಾಕ್ಕೊಂಡ್ನಾ? ಭಾನುವಾರ ನೀವು ಎಂತದೂ ತಲೆಬಿಸಿ ಮಾಡ್ಬೇಡಿ. ಎಲ್ಲ ನಾನು ನೋಡಿಕೊಳ್ತೇನೆ.”

ಮಾಷ್ಟ್ರು ಹೆಚ್ಚೆಂದರೆ ಒಂದು ಭಾಷಣ ಮಾಡಿಯಾರು ಅಂತ ಜಯಂತ ತಲೆಯಾಡಿಸಿದ.

ಭಾನುವಾರ ಬೆಳಗಾಯಿತು. ಜಲಜಾಕ್ಷಿ ಬೆಳಕು ಹರಿಯುವ ಮೊದಲೇ ಮಂದಿರಕ್ಕೆ ಹೋಗಿಯಾಗಿತ್ತು. ಏಕಾಹದ ದಿನ ಮನೆಯಲ್ಲಿ ಒಲೆ ಹಚ್ಚುವ ಕ್ರಮ ಇಲ್ಲ, ತಿಂಡಿ ಊಟ ಎಲ್ಲ ಮಂದಿರದಲ್ಲೇ. ಕಾಸರಗೋಡಿನ ಪರೋಟ ನೆನೆಯುತ್ತ ಜಯಂತ ಖಾಲಿ ಹೊಟ್ಟೆಯಲ್ಲೇ ಕೊಡೆ ಹಿಡಿದು ಬಸ್ಸಿಗೆ ಹೊರಟ. ಮಂದಿರದ ತಿರುವಿಗೆ ಬಂದವನು ಅಲ್ಲಿಯೇ ಕಂಬವಾಗಿ ನಿಂತ.

ಮಂದಿರದ ಎದುರಿಗೆ, ರಸ್ತೆಯ ಈಚೆ ಬದಿ, ಗ್ರಂಥಾಲಯದ ಅಂಗಳದಲ್ಲಿ ಒಂದು ದೊಡ್ಡ ಬಿಳಿ ಬಸ್ಸು. ಅದರ ಮೈಮೇಲೆ ಕೆಂಪು ರಕ್ತದ ಹನಿಯ ಚಿತ್ರ. ಬಸ್ಸಿನ ಮೇಲಿಂದ ಒಂದು ಬ್ಯಾನರ್: ‘ಪ್ರಾರ್ಥನೆಗೆ ಬದಲು ರಕ್ತ! ಮೊದಲ ದಾನಿ, ಧೀರ ಜಯಂತ್.’ ಪಕ್ಕದಲ್ಲಿ ಅವನ ಫೋಟೋ. ಅದೂ ಎಂಥ ಫೋಟೋ! ಕಳೆದ ವರ್ಷ ಹಾಡುವಾಗಿನದ್ದು. ಕಣ್ಣು ಮುಚ್ಚಿ, ಬಾಯಿ ಅಗಲ ತೆರೆದು, ರಕ್ತವನ್ನು ಈಗಾಗಲೇ ತೆಗೆದುಕೊಂಡು ಆಗಿದೆಯೇನೋ ಎಂಬ ಹಾಗೆ.

“ಬಂದ್ರು, ಬಂದ್ರು!” ಮಾಷ್ಟ್ರು ಓಡಿ ಬಂದರು. “ಆಸ್ಪತ್ರೆಯವರ ಹತ್ತಿರ ಮಾತಾಡಿ ಬಸ್ಸನ್ನೇ ಇಲ್ಲಿಗೆ ತರಿಸಿದ್ದೇನೆ. ನೀವು ಅಷ್ಟು ದೂರ ಯಾಕೆ ಹೋಗ್ಬೇಕು?”

“ಮಾಷ್ಟ್ರೇ, ನನಗೆ ಅರ್ಜೆಂಟು ಒಂದು…” ಎನ್ನುವಷ್ಟರಲ್ಲಿ ರೋಶನ್ ಮೊಬೈಲು ಮುಖಕ್ಕೆ ಹಿಡಿದ. “ಲೈವ್ ಉಂಟು ಜಯಂತಣ್ಣ. ದುಬೈಯಿಂದೆಲ್ಲ ನೋಡ್ತಾ ಇದ್ದಾರೆ. ಒಮ್ಮೆ ನಗಾಡಿ.”

ಜಯಂತ ನಗಾಡಿದ. ಅಳುವುದಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ.

ಗ್ರಂಥಾಲಯದ ಜಗಲಿಯಲ್ಲಿ ಮೇಜು ಹಾಕಿ ಸಿಸ್ಟರ್ ಮೋಕ್ಷಿತಾ ಕೂತಿದ್ದಳು. ಸಣ್ಣ ಪ್ರಾಯದ ಹುಡುಗಿ. ಎಲ್ಲರನ್ನೂ ನೋಡಿಯಾದವಳ ಮುಖ.

“ಬೆಳಿಗ್ಗೆ ತಿಂಡಿ ಆಯ್ತಾ?”

ಜಯಂತನಿಗೆ ಹೋದ ಜೀವ ಬಂತು. “ಇಲ್ಲ ಸಿಸ್ಟರ್! ಒಂದು ತೊಟ್ಟು ನೀರೂ ಕುಡೀಲಿಲ್ಲ. ಹಾಗಾದ್ರೆ ಆಗ್ಲಿಕ್ಕಿಲ್ಲ ಅಲ್ವಾ?”

“ಖಾಲಿ ಹೊಟ್ಟೆಯಲ್ಲಿ ಆಗ್ಲಿಕ್ಕಿಲ್ಲ.”

“ಛೆ, ಹಾಗಾದ್ರೆ ಇನ್ನೊಮ್ಮೆ ನೋಡುವ,” ಎಂದು ಅವನು ಎದ್ದ. ಏಳುವುದಕ್ಕೂ ಎದುರು ಮಂದಿರದಿಂದ ಚೆನ್ನಪ್ಪಣ್ಣನ ಬೊಬ್ಬೆ ಕೇಳುವುದಕ್ಕೂ ಸರಿಹೋಯಿತು. “ಅಯ್ಯೋ, ಅವ ಉಪವಾಸವಾ? ಯಾಕೆ ಮೊದಲೇ ಹೇಳ್ಲಿಲ್ಲ ಮಾರಾಯ? ಸಜ್ಜಿಗೆ, ಅವಲಕ್ಕಿ ಬಿಸಿಬಿಸಿ ಉಂಟು!”

ಚೆನ್ನಪ್ಪಣ್ಣನೇ ರಸ್ತೆ ದಾಟಿ ಬಂದು ಬಾಳೆಲೆ ಹಾಕಿ ಬಡಿಸಿದರು. ಜಯಂತ ಒಂದೊಂದೇ ಅವಲಕ್ಕಿ ಹೆಕ್ಕಿ ಹೆಕ್ಕಿ ತಿಂದ. ಎಷ್ಟು ಹೆಕ್ಕಿದರೂ ಎಲೆ ಒಮ್ಮೆ ಖಾಲಿ ಆಗಲೇಬೇಕಲ್ಲ.

“ಯಾವುದಾದ್ರೂ ಮದ್ದು ತಗೊಳ್ತಾ ಇದ್ದೀರಾ?” ಸಿಸ್ಟರ್ ಮತ್ತೆ ಸುರುಮಾಡಿದಳು.

“ತುಂಬಾ! ಬಗೆಬಗೆದು ಉಂಟು.”

“ಸುಳ್ಳು ಸಿಸ್ಟರ್,” ಎಂದ ರೋಶನ್. “ಜ್ವರ ಬಂದ್ರೂ ಕಷಾಯ ಕುಡಿಯುವ ಜನ ಇವರು. ಧೀರರಲ್ವಾ, ಸ್ವಲ್ಪ ತಮಾಷೆ ಜಾಸ್ತಿ.”

ಸಿಸ್ಟರ್ ಅವನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಹುಬ್ಬು ಏರಿತು. ಇನ್ನೊಮ್ಮೆ ನೋಡಿದಳು. “ಬಿಪಿ ತುಂಬ ಮೇಲೆ ಉಂಟು. ಇಳಿಯುವ ತನಕ ರಕ್ತ ತೆಗೀಲಿಕ್ಕೆ ಆಗುವುದಿಲ್ಲ.”

ಜಯಂತ ಆ ಹುಡುಗಿಯ ಕಾಲಿಗೆ ಬೀಳುವುದೊಂದು ಬಾಕಿ. ಆದರೆ ಆಗಲೇ ಎರಡು ಕಡೆಯಿಂದ ಎರಡು ಕೈ ಬಂದು ಅವನ ಎರಡು ರಟ್ಟೆ ಹಿಡಿದವು.

“ಇಲ್ಲೇ ಗ್ರಂಥಾಲಯದಲ್ಲಿ ಕೂತು ದೀರ್ಘ ಉಸಿರು ತಗೊಳ್ಳಿ,” ಎಂದರು ಮಾಷ್ಟ್ರು. “ವೈಜ್ಞಾನಿಕವಾಗಿ ಇಳೀತದೆ.”

“ಎಂತ ಉಸಿರು ಮಾಷ್ಟ್ರೇ! ಮಂದಿರದಲ್ಲಿ ಬಂದು ಕೂರ್ಲಿ, ಎರಡು ಹಾಡಿಗೆ ಬಿಪಿ ನೆಲಕ್ಕೆ ಬರ್ತದೆ,” ಎಂದರು ಚೆನ್ನಪ್ಪಣ್ಣ. ಅವರು ಅಡಿಕೆ ಮೂಟೆ ಹೊತ್ತು ಬೆಳೆದವರು. ಎಳೆದಾಟದಲ್ಲಿ ವಿಜ್ಞಾನ ಸೋತಿತು. ಜಯಂತ ಮಂದಿರದ ಚಾಪೆಯ ಮೇಲೆ, ಹೆಂಡತಿಯ ಎದುರಿಗೆ ಬಂದು ಬಿದ್ದ.

ಜಲಜಾಕ್ಷಿ ಹಾಡು ಮುಗಿಸಿ ತಾಳ ಬಡಿಯುತ್ತಲೇ ಗಂಡನ ಕಡೆ ಬಾಗಿದಳು. “ಹೇಗೂ ಬಂದಿದ್ದೀರಲ್ಲ. ಬಿಪಿ ಇಳಿಯುವ ತನಕ ಒಂದು ಹೇಳಿಬಿಡಿ. ಸಣ್ಣದು ಸಾಕು.”

ಚೆನ್ನಪ್ಪಣ್ಣ ವೈರ್ ಇಲ್ಲದ ಹೊಸ ಮೈಕನ್ನು ಅವನ ಬಾಯಿಯ ಹತ್ತಿರ ತಂದರು. ಆಚೆಯಿಂದ ರೋಶನ್ ಮೊಬೈಲು ಎತ್ತಿದ. ಜಯಂತನ ಕಣ್ಣ ಮುಂದೆ ಆಫೀಸಿನ ಊಟದ ಹೊತ್ತು ಬಂದು ನಿಂತಿತು. ಬಿಪಿ ಇಳಿದರೆ ಸೂಜಿ, ಇಳಿಯದಿದ್ದರೆ ಮೈಕು! ಎಂಥ ಗ್ರಹಚಾರ ಮಾರ್ರೆ! ಸೂಜಿಯಾದರೆ ಒಮ್ಮೆ ಚುಚ್ಚಿ ಬಿಡ್ತದೆ, ಹಾಡಾದರೆ ವರ್ಷವಿಡೀ ಚುಚ್ಚುತ್ತದೆ ಎಂದು ಅವನ ಮಂಡೆಗೆ ಹೋಯಿತು.

“ಇಳೀತು! ಇಳೀತು! ನನಗೇ ಗೊತ್ತಾಗ್ತದೆ!” ಎಂದು ಕೂಗುತ್ತ ಅವನು ರಸ್ತೆ ದಾಟಿ ಓಡಿ, ಯಾರಾದರೂ ಕರೆಯುವ ಮೊದಲೇ ಬಸ್ಸಿನೊಳಗಿನ ಮಂಚ ಹತ್ತಿ ಮಲಗಿಬಿಟ್ಟ.

ಮಾಷ್ಟ್ರು ಹಿಗ್ಗಿ ಹೀರೇಕಾಯಿ ಆದರು. “ನೋಡಿ! ಪ್ರಾರ್ಥನೆಯಿಂದ ಸೇವೆಯ ಕಡೆಗೆ ಓಡಿ ಬಂದ ಮನುಷ್ಯನನ್ನು ನೋಡಿ!”

ಸಿಸ್ಟರ್ ಬಸ್ಸು ಹತ್ತಿ ಬಂದಳು. “ಇರಿ ಇರಿ, ಗಡಿಬಿಡಿ ಎಂತದು? ರಕ್ತ ತೆಗೀಲಿಕ್ಕೆ ಇನ್ನೂ ಹೊತ್ತುಂಟು. ಬಿಪಿ ಮತ್ತೆ ನೋಡ್ಬೇಕು. ಮೊದಲು ಬೆರಳ ತುದಿಯಿಂದ ಒಂದು ಹನಿ ತೆಗೆದು ಪರೀಕ್ಷೆ ಮಾಡುವ.” ಎಂದು ಅವಳು ಪೊಟ್ಟಣ ಹರಿದು ಒಂದು ಚಿಕ್ಕ ಸೂಜಿ ತೆಗೆದಳು. ಸೂಜಿ ಅಂದರೆ ಸೂಜಿಯೂ ಅಲ್ಲ, ಇರುವೆಯೇ ಅದಕ್ಕಿಂತ ಜೋರಾಗಿ ಕಚ್ಚೀತು.

ಜಯಂತ ಅದನ್ನು ನೋಡಿದ. “ಅಮ್ಮಾ” ಅಂದ. ಕಣ್ಣು ಮೇಲೆ ಹೋಯಿತು, ಕುತ್ತಿಗೆ ವಾಲಿತು.

“ಹೋದ್ರು!” ಎಂದು ರೋಶನ್ ಲೈವಿನಲ್ಲೇ ಕಿರುಚಿದ. “ರಕ್ತ ಕೊಟ್ಟು ಕೊಟ್ಟು ಜಯಂತಣ್ಣ ಹೋದ್ರು!”

“ಒಂದು ಹನಿಯೂ ತೆಗೀಲಿಲ್ಲ!” ಎಂದು ಸಿಸ್ಟರ್ ಹೇಳಿದ್ದನ್ನು ಯಾರೂ ಕೇಳಲಿಲ್ಲ. ಇಡೀ ಮಂದಿರ ಎದ್ದು ರಸ್ತೆಗೆ ಬಂತು. ಜಲಜಾಕ್ಷಿ ತಾಳ ಎಸೆದು ಓಡಿ ಬಂದಳು. ಆದರೆ ಏಕಾಹ ನಿಲ್ಲಬಾರದಲ್ಲ! ಚೆನ್ನಪ್ಪಣ್ಣ ಮೈಕು ಹಿಡಿದುಕೊಂಡೇ, “ಗೋವಿಂದಾ, ಗೋವಿಂದಾ” ಎಂದು ಹೇಳುತ್ತಲೇ ರಸ್ತೆ ದಾಟಿ, ಹೇಳುತ್ತಲೇ ಬಸ್ಸು ಹತ್ತಿದರು. ಬಸ್ಸಿನೊಳಗೆ ಆಡಿದ ಒಂದೊಂದು ಮಾತೂ ಮಂದಿರದ ಲೌಡ್‌ಸ್ಪೀಕರಿನಲ್ಲಿ ಊರಿಗೆಲ್ಲ ಕೇಳತೊಡಗಿತು.

ಜಯಂತನಿಗೆ ಅಷ್ಟರಲ್ಲಿ ಎಚ್ಚರ ಬಂದಿತ್ತು. ಕಣ್ಣು ಬಿಡಬೇಕು ಎನ್ನುವಷ್ಟರಲ್ಲಿ ಹೆಂಡತಿಯ ಅಳು ಕೇಳಿತು.

“ದೇವರೇ, ಇವರೊಮ್ಮೆ ಕಣ್ಣು ಬಿಡ್ಲಿ! ಕಣ್ಣು ಬಿಟ್ರೆ ಒಂದು ಮಂಡಲ ದಿನಾ ಸಂಜೆ ಮಂದಿರದಲ್ಲಿ ಇವರಿಂದಲೇ ಹಾಡಿಸ್ತೇನೆ!”

ಬಿಡಲಿದ್ದ ಕಣ್ಣನ್ನು ಜಯಂತ ಗಟ್ಟಿಯಾಗಿ ಮುಚ್ಚಿಕೊಂಡ. ಒಂದು ಮಂಡಲವಾ! ನಲ್ವತ್ತೆಂಟು ದಿನ, ದಿನಾಲೂವಾ! ಇವಳಿಗೆ ಎಂತ ಆಗಿದೆ? ಒಂದು ತೆಂಗಿನಕಾಯಿಯಲ್ಲಿ ಮುಗಿಯುವ ಕೇಸಿಗೆ ಇಷ್ಟು ದೊಡ್ಡ ಹರಕೆಯಾ? ಕಣ್ಣು ಬಿಟ್ಟರೆ ತಾನೇ ಹರಕೆ? ಬಿಡದಿದ್ದರೆ ಆಯ್ತಲ್ಲ ಎಂದು ಅವನು ಮಲಗಿಯೇ ಇದ್ದ. ಆದರೆ ಅವನು ಮಲಗಿದಷ್ಟೂ ಹೊರಗಿನವರ ಗಾಬರಿ ಏರಿತು.

“ಗೋವಿಂದಾ! ನಮ್ಮ ಜಯಂತ ಎದ್ದರೆ ಬರುವ ವರ್ಷ ಏಕಾಹದ ಮೊದಲ ಹಾಡು ಅವನದ್ದೇ. ಗೋವಿಂದಾ! ಬದುಕಿದಷ್ಟು ವರ್ಷವೂ ಅವನದ್ದೇ. ಗೋವಿಂದಾ!” ಎಂದರು ಚೆನ್ನಪ್ಪಣ್ಣ.

“ಸಿಸ್ಟರ್, ದುಬೈಯಿಂದ ಕಮೆಂಟು ಬರ್ತಾ ಉಂಟು,” ಎಂದ ರೋಶನ್, ಮೂಗು ಒರೆಸಿಕೊಳ್ಳುತ್ತ. “ಅಲ್ಲಿಯ ನಮ್ಮ ಊರಿನವರು ಹರಕೆ ಹೇಳ್ಕೊಂಡಿದ್ದಾರೆ. ಜಯಂತಣ್ಣ ಹುಷಾರಾದ್ರೆ ಪ್ರತಿ ಶುಕ್ರವಾರ ಅವರ ಹಾಡು ಲೈವ್ ಕೊಡ್ಬೇಕಂತೆ.”

ಅವರಿಗೆ ಅಲ್ಲಿ ಬೇರೆ ಕೆಲಸ ಇಲ್ಲವಾ? ಜಯಂತನ ಹೊಟ್ಟೆ ಉರಿಯಿತು. ಒಂದು ಕಣ್ಣಿನ ರೆಪ್ಪೆ ಸ್ವಲ್ಪವೇ ಎತ್ತಿ ಸಂದಿಯಿಂದ ನೋಡಿದ. ಬಸ್ಸಿನ ಮೂಲೆಯಲ್ಲಿ ಮಾಷ್ಟ್ರು ಒಬ್ಬರೇ ತುಟಿ ಬಿಗಿದು, ಬಿಳಿಚಿಕೊಂಡು ನಿಂತಿದ್ದರು. ಇಷ್ಟು ಜನರ ಮಧ್ಯೆ ಬುದ್ಧಿ ನೆಟ್ಟಗಿರುವವರು ಒಬ್ಬರಾದರೂ ಇದ್ದಾರಲ್ಲ ಎಂದು ಅವನಿಗೆ ಅಷ್ಟು ಕಷ್ಟದಲ್ಲೂ ಸಮಾಧಾನವಾಯಿತು.

ಸಿಸ್ಟರ್ ನಾಡಿ ಹಿಡಿದು ನೋಡಿದಳು. “ಇವರಿಗೆ ಎಂತದೂ ಆಗ್ಲಿಲ್ಲ. ಎಚ್ಚರ ಉಂಟು.”

“ನೀವು ಸುಮ್ಮನಿರಿ ಸಿಸ್ಟರ್!” ಎಂದು ಎಲ್ಲರೂ ಒಟ್ಟಿಗೆ ಬೈದರು. “ಒಂದು ಜೀವ ಹೋಗ್ತಾ ಉಂಟು, ನಿಮಗೆ ತಮಾಷೆಯಾ?”

ಸಿಸ್ಟರ್ ಜಯಂತನ ಮುಖವನ್ನೇ ನೋಡಿದಳು. ಬಿಗಿ ಮುಚ್ಚಿದ ರೆಪ್ಪೆ ಪಟಪಟ ಅಂತಿತ್ತು. “ಹೌದಾ? ಹಾಗಾದ್ರೆ ಗ್ಲೂಕೋಸ್ ಹಾಕುವ,” ಎಂದು ಗಟ್ಟಿಯಾಗಿ ಹೇಳಿದಳು. “ದೊಡ್ಡ ಸೂಜಿ ಎಲ್ಲಿ ಉಂಟು ನೋಡ್ತೇನೆ.”

ಜಯಂತ ಸ್ಪ್ರಿಂಗಿನ ಹಾಗೆ ಎದ್ದು ಕೂತ.

ಆಗ ಎದ್ದ ಬೊಬ್ಬೆಗೆ ಮುಳ್ಳೇರಿಯ ಪೇಟೆಯಲ್ಲಿ ಆಟೋದವರು ಕೂಡ ತಿರುಗಿ ನೋಡಿರಬೇಕು. ಜಲಜಾಕ್ಷಿ ಗಂಡನನ್ನು ಅಪ್ಪಿಕೊಂಡು ಅತ್ತಳು. “ದೇವರು ಕೇಳಿದ! ಇವತ್ತು ಸಂಜೆಯಿಂದಲೇ ಸುರು ಮಾಡುವ.”

“ಎಂತ ಸುರು ಮಾಡುವುದು? ಹರಕೆ ಹೇಳಿದ್ದು ನೀನು!”

“ಹೇಳಿದ್ದು ನಾವು. ಜೀವ ಉಳಿದದ್ದು ಯಾರದ್ದು? ಉಳಿದವರೇ ತೀರಿಸ್ಬೇಕು. ಅದು ಕ್ರಮ,” ಎಂದರು ಚೆನ್ನಪ್ಪಣ್ಣ, ಗೋವಿಂದನನ್ನು ಹಿಂದಿದ್ದ ಹೆಂಗಸರ ಬಾಯಿಗೆ ಒಪ್ಪಿಸಿ. ಅದೂ ಮೈಕಿನಲ್ಲಿ.

ಜಯಂತನಿಗೆ ತಡೆಯಲಾಗಲಿಲ್ಲ. ಮಾನ ಹೋದರೆ ಹೋಗಲಿ, ಹಾಡುವುದೊಂದು ತಪ್ಪಲಿ ಎಂದು ಅವನು ಮೈಕು ಕಿತ್ತುಕೊಂಡು ಸತ್ಯ ಹೇಳಿಯೇಬಿಟ್ಟ. “ಕೇಳಿ! ನನಗೆ ಎಂತದೂ ಆಗಿರ್ಲಿಲ್ಲ! ನನಗೆ ಎಚ್ಚರ ಇತ್ತು! ನೀವು ಹೇಳಿದ್ದೆಲ್ಲ ಒಂದೊಂದೂ ನನಗೆ ಕೇಳ್ತಾ ಇತ್ತು! ನೀವು ಎಲ್ಲೆಲ್ಲಿ ನಿಂತಿದ್ರಿ ಅಂತ ಕೂಡ ನೋಡಿದ್ದೇನೆ!”

ಅಬ್ಬ, ಬಚಾವಾದೆ ಎಂದುಕೊಂಡ ಜಯಂತ.

“ಪ್ರಜ್ಞೆ ಇಲ್ಲದಾಗ ಎಲ್ಲ ಕೇಳಿದ್ದಾ?” ಚೆನ್ನಪ್ಪಣ್ಣನ ಸ್ವರ ನಡುಗಿತು. “ಕಣ್ಣು ಮುಚ್ಚಿಕೊಂಡು ನಮ್ಮನ್ನೆಲ್ಲ ನೋಡಿದ್ದಾ?”

“ಪವಾಡ!” ಎಂದು ಹಿಂದಿನಿಂದ ಯಾರೋ ಕೂಗಿದರು. ರೋಶನ್ ಮೊಬೈಲಿನ ಸಮೇತ ಕೈ ಮುಗಿದ. ಹೆಂಗಸರಿಬ್ಬರು ಮುಂದೆ ಬಂದು ಜಯಂತನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಸಿಸ್ಟರ್ ಮೋಕ್ಷಿತಾ ತಲೆಗೆ ಕೈ ಇಟ್ಟು ಬಸ್ಸಿನ ಮೆಟ್ಟಿಲಿನಲ್ಲಿ ಕೂತುಬಿಟ್ಟಳು.

ಇನ್ನು ಉಳಿದದ್ದು ಒಬ್ಬರೇ. ಜಯಂತ ಜನರ ಎಡೆಯಿಂದ ನುಸುಳಿ, ಮಾಷ್ಟ್ರ ಕೈ ಹಿಡಿದು ಬಸ್ಸಿನ ಹಿಂಬದಿಗೆ ಎಳೆದುಕೊಂಡು ಹೋದ.

“ಮಾಷ್ಟ್ರೇ, ನೀವೇ ನನ್ನನ್ನು ಉಳಿಸ್ಬೇಕು. ಇದೆಲ್ಲ ಮೂಢನಂಬಿಕೆ, ಈ ಹರಕೆಗೆ ಅರ್ಥ ಇಲ್ಲ ಅಂತ ನೀವಾದ್ರೂ ಇವರಿಗೆ ಹೇಳಿ. ನೀವು ಹೇಳಿದ್ರೆ ಕೇಳ್ತಾರೆ.”

ಮಾಷ್ಟ್ರು ಅತ್ತಿತ್ತ ನೋಡಿದರು. ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. “ಅದು ಹೇಳ್ಬಹುದಿತ್ತು ಜಯಂತ. ಆದ್ರೆ ಒಂದು ಸಣ್ಣ ತಪ್ಪಾಗಿದೆ.”

“ಎಂತ ತಪ್ಪು?”

“ಬಸ್ಸು ತರಿಸಿದ್ದು ನಾನಲ್ವಾ? ನೀವು ಏಳದೆ ಇದ್ದಾಗ ನನಗೆ ಕೈಕಾಲು ತಣ್ಣಗಾಯ್ತು. ಮನಸ್ಸಿನಲ್ಲೇ ನಾನೂ ಒಂದು ಹೇಳ್ಕೊಂಡುಬಿಟ್ಟೆ.”

ಜಯಂತನ ಬಾಯಿ ಬ್ಯಾನರಿನ ಫೋಟೋದಷ್ಟೇ ಅಗಲವಾಯಿತು. “ಹರಕೆಯಾ? ನೀವಾ?”

“ಸ್ವರ ಸಣ್ಣ ಮಾಡಿ ಮಾರಾಯ್ರೇ! ಯಾರಿಗಾದ್ರೂ ಕೇಳಿದ್ರೆ ನನ್ನ ವೇದಿಕೆಯ ಗತಿ ಎಂತ?”

“ಎಂತ ಹೇಳ್ಕೊಂಡ್ರಿ?”

“ಏಕಾಹ,” ಎಂದರು ಮಾಷ್ಟ್ರು, ನೆಲ ನೋಡಿಕೊಂಡು. “ಸೂರ್ಯೋದಯದಿಂದ ಸೂರ್ಯೋದಯಕ್ಕೆ. ನೀವು ಒಬ್ಬರೇ.”

“ಅಯ್ಯೋ ಮಾಷ್ಟ್ರೇ! ನಿಮಗೆ ದೇವರ ಮೇಲೆ ನಂಬಿಕೆಯೇ ಇಲ್ಲವಲ್ಲ!”

“ಇಲ್ಲ. ಅದೇ ಸಮಸ್ಯೆ ಆದದ್ದು. ನಂಬುವವರಿಗೆ ಒಂದು ಹಾಡು ಸಾಕಾಗ್ತದೆ. ಇಷ್ಟು ವರ್ಷ ಇಲ್ಲ ಇಲ್ಲ ಅಂತ ಹೇಳಿದವ ಕೇಳುವಾಗ ದೊಡ್ಡದೇ ಹೇಳ್ಬೇಕಲ್ವಾ?” ಮಾಷ್ಟ್ರು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಬಾಕಿ ಇಡ್ಬೇಡಿ ಜಯಂತ. ನನಗೆ ನಿದ್ದೆ ಬರ್ಲಿಕ್ಕಿಲ್ಲ.”

ಜಯಂತನಿಗೆ ಕಣ್ಣು ಕತ್ತಲೆ ಬಂತು. ಈ ಸಲ ನಿಜವಾಗಿಯೂ ಬಂತು. ಕಿವಿಯಲ್ಲಿ ಗುಂಯ್ ಅಂತ ಸದ್ದು. ಬಿದ್ದುಬಿಟ್ಟರೆ ಎಷ್ಟು ಸುಖ ಅನ್ನಿಸಿತು. ಅಷ್ಟರಲ್ಲಿ ಬಸ್ಸಿನ ಆಚೆಯಿಂದ ಜಲಜಾಕ್ಷಿಯೂ ಚೆನ್ನಪ್ಪಣ್ಣನೂ ಅವನನ್ನು ಹುಡುಕಿಕೊಂಡು ಬರುತ್ತಿರುವುದು ಕಂಡಿತು. ಹಿಂದಿನಿಂದ ಇಡೀ ಊರು.

ಬಿದ್ದರೆ ಇವರೆಲ್ಲ ಮತ್ತೆ ಹರಕೆ ಹೇಳ್ತಾರೆ. ಜಯಂತ ಎರಡೂ ಕೈಯಲ್ಲಿ ಬಸ್ಸಿನ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಹಲ್ಲು ಕಚ್ಚಿ, ನೆಟ್ಟಗೆ ನಿಂತೇ ಇದ್ದ.